‘ಮೊದಲು ಕುಡಿತ ಬಿಡಿಸಿ, ಆಮೇಲೆ ಬನ್ನಿ’: ಎರಡು ಕಾಯಿಲೆ, ಒಂದೇ ಕಡತ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದೆ. ಒಂದೇ ಬಗೆಯ ಹಲವು ಪ್ರಕರಣಗಳ ಅಂಶಗಳನ್ನು ಇಲ್ಲಿ ಸೇರಿಸಿದೆ.)

ಆತನಿಗೆ 31 ವರ್ಷ. ಏಳು ವರ್ಷದಿಂದ ಸ್ಕಿಜೋಫ್ರೀನಿಯಾ (ಇಲ್ಲದ ಧ್ವನಿ ಕೇಳಿಸುವ, ಸಂಶಯ ಕಾಡುವ ತೀವ್ರ ಮಾನಸಿಕ ಕಾಯಿಲೆ), ಹೆಚ್ಚುಕಡಿಮೆ ಅಷ್ಟೇ ಕಾಲದಿಂದ ಕುಡಿತ, ಜೊತೆಗೆ ದಿನಕ್ಕೆ 20 ಸಿಗರೇಟು. ನಮ್ಮಲ್ಲಿಗೆ ಕರೆತಂದವರು ಅಕ್ಕ. ಮಾನಸಿಕ ಆರೋಗ್ಯ ವಿಭಾಗದಲ್ಲಿ ‘ಮೊದಲು ಕುಡಿತ ಬಿಡಿಸಿ, ಆಮೇಲೆ ಬನ್ನಿ’ ಅಂದಿದ್ದರು. ವ್ಯಸನಮುಕ್ತಿ ಕೇಂದ್ರದಲ್ಲಿ ‘ಧ್ವನಿ ಕೇಳಿಸುತ್ತೆ ಅನ್ನುವವರನ್ನು ಗುಂಪಿನಲ್ಲಿ ಕೂರಿಸೋಕಾಗಲ್ಲ, ಮೊದಲು ಕಾಯಿಲೆ ಹತೋಟಿಗೆ ಬರಲಿ’ ಅಂದಿದ್ದರು. ಎರಡು ಕಡೆಯ ಚೀಟಿಗಳೂ ಅಕ್ಕನ ಚೀಲದಲ್ಲಿದ್ದವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ ಗುರುತು ಎಲ್ಲೂ ಇರಲಿಲ್ಲ.

ಅದೇ ಚೀಲದಲ್ಲಿ ಸ್ಕಿಜೋಫ್ರೀನಿಯಾಕ್ಕೆ ಕೊಟ್ಟಿದ್ದ ಓಲಾಂಜಪಿನ್ ಮಾತ್ರೆಯ ಸ್ಟ್ರಿಪ್ಪುಗಳೂ ಇದ್ದವು. ಪ್ರತಿ ಗುಳಿಯ ಬೆನ್ನಿಗೆ ಅಕ್ಕ ಪೆನ್ನಿನಲ್ಲಿ ತಾರೀಕು ಬರೆದಿಟ್ಟಿದ್ದರು. ಮೂರು ತಿಂಗಳ ಸ್ಟ್ರಿಪ್ಪುಗಳನ್ನು ಸಾಲಾಗಿ ಜೋಡಿಸಿದಾಗ ವಿಷಯ ತಾನಾಗಿಯೇ ಕಂಡಿತು: ಪ್ರತಿ ತಿಂಗಳೂ 1ರಿಂದ ಸುಮಾರು 12ನೇ ತಾರೀಕಿನವರೆಗೆ ಒಂದು ಗುಳಿಯೂ ಒಡೆದಿಲ್ಲ, ಆಮೇಲೆ ಒಂದೂ ತಪ್ಪಿಲ್ಲ. ತಿಂಗಳ ಮೊದಲಿಗೆ ನೆರವಿನ ಹಣ ಕೈಸೇರುತ್ತದೆ, ಅದು ಮುಗಿಯುವವರೆಗೆ ಎಡೆಬಿಡದ ಕುಡಿತ. ಮಾತ್ರೆ ಏಕೆ ಬಿಟ್ಟಿರಿ ಎಂದು ಕೇಳಿದರೆ, ‘ಕುಡಿದ ದಿನ ಮಾತ್ರೆ ಮುಟ್ಟಬಾರದು ಅಂತ ಹೇಳಿದ್ರಲ್ಲ’ ಎಂದು ಉತ್ತರಿಸಿದ. ಆತ ಹಟಮಾರಿಯಲ್ಲ, ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದ. ಮಾತ್ರೆ ನಿಂತರೆ ಧ್ವನಿಗಳು ಏಳುತ್ತವೆ, ಅವನ್ನು ಅಡಗಿಸಲು ಇನ್ನಷ್ಟು ಕುಡಿತ. ಹಾಗಾಗಿ ಮೊದಲ ದಿನವೇ ಮನೋವೈದ್ಯರ ಒಪ್ಪಿಗೆ ಪಡೆದು ಕೊಟ್ಟ ಸಲಹೆ ಇದು: ಕುಡಿದ ದಿನವೂ ಓಲಾಂಜಪಿನ್ ತಪ್ಪಿಸಬೇಡಿ. ಮಂಪರು ಹೆಚ್ಚಾಗಬಹುದು, ಆದ್ದರಿಂದ ಮಲಗುವ ಹೊತ್ತಿಗೇ ತೆಗೆದುಕೊಳ್ಳಿ. ನಿದ್ದೆ ಮಾತ್ರೆ ಮತ್ತು ಲೊರಾಜೆಪಾಮ್ ಗುಂಪಿನ ಔಷಧಿಗೆ ಈ ಮಾತು ಸಲ್ಲದು. ಮದ್ಯದ ಜೊತೆ ಸೇರಿದರೆ ಅವು ಉಸಿರಾಟವನ್ನೇ ಕುಗ್ಗಿಸುತ್ತವೆ.

ಧ್ವನಿಗಳಿಗೆ ಕುಡಿತವೇ ಕಾರಣವಿರಬಹುದೇ ಎಂಬ ಪ್ರಶ್ನೆಗೆ ಹಳೆಯ ದಾಖಲೆಯಲ್ಲಿ ಉತ್ತರವಿತ್ತು. ಒಮ್ಮೆ ಐದು ವಾರ ಆಸ್ಪತ್ರೆಯಲ್ಲಿ ಒಂದು ತೊಟ್ಟೂ ಕುಡಿಯದೆ ಇದ್ದಾಗಲೂ ಧ್ವನಿಗಳು ಹೋಗಿರಲಿಲ್ಲ. ಸುಮಾರು ಒಂದು ತಿಂಗಳು ಕುಡಿಯದಿದ್ದರೂ ಲಕ್ಷಣ ಉಳಿದರೆ ಅದನ್ನು ಬೇರೆಯೇ ಕಾಯಿಲೆ ಎಂದು ಎಣಿಸಬೇಕು. ಆದರೆ ಆ ಒಂದು ತಿಂಗಳು ಮುಗಿಯಲಿ ಎಂದು ಚಿಕಿತ್ಸೆಯನ್ನು ತಡೆಹಿಡಿಯುವುದು ತಪ್ಪು.

ಹಿಂದಿನ ವರ್ಷ ಅಕ್ಕ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದಿದ್ದರು. ಮಾರನೆಯ ದಿನ ತಮ್ಮನಿಗೆ ಫಿಟ್ಸ್ ಬಂತು. ಕುಡಿತ ನಿಂತ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಬರುವ ಸನ್ನಿ (ಡೆಲಿರಿಯಂ ಟ್ರೆಮೆನ್ಸ್) ಪ್ರಾಣಕ್ಕೇ ಕುತ್ತು. ಒಮ್ಮೆ ಫಿಟ್ಸ್ ಬಂದವರು ಮನೆಯಲ್ಲಿ ಕುಡಿತ ನಿಲ್ಲಿಸಬಾರದು. ಆದ್ದರಿಂದ ಏಳು ದಿನ ದಾಖಲಾತಿ ನಿಗದಿಯಾಯಿತು. ಕುಡಿತ ನಿಂತಾಗಿನ ನಡುಕ, ಫಿಟ್ಸ್ ತಡೆಯಲು ವೈದ್ಯರ ಕಣ್ಗಾವಲಿನಲ್ಲಿ ಲೊರಾಜೆಪಾಮ್ ಕೊಟ್ಟು ದಿನದಿನಕ್ಕೂ ಇಳಿಸುತ್ತಾ ಬರುವುದು, ಗ್ಲೂಕೋಸ್ ಹಾಕುವ ಮೊದಲೇ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್. ಕೊರತೆಯಿರುವವರಿಗೆ ಥಯಾಮಿನ್ ಇಲ್ಲದೆ ಗ್ಲೂಕೋಸ್ ಕೊಟ್ಟರೆ ಮೆದುಳಿಗೆ ಶಾಶ್ವತ ಹಾನಿಯಾಗುವ ಅಪಾಯವಿದೆ.

ಇಲ್ಲಿ ಪದೇಪದೇ ಆಗುವ ಒಂದು ತಪ್ಪನ್ನು ಹೇಳಲೇಬೇಕು. ಮೂರನೇ ದಿನ ರೋಗಿ ‘ಗೋಡೆ ಮೇಲೆ ಹುಳ ಹರೀತಿವೆ’ ಅಂದರೆ, ಸ್ಕಿಜೋಫ್ರೀನಿಯಾ ಕೆರಳಿತು ಎಂದುಕೊಂಡು ಮಾನಸಿಕ ಕಾಯಿಲೆಯ ಔಷಧಿಯನ್ನಷ್ಟೇ ಏರಿಸುತ್ತಾರೆ. ಆ ಗುಂಪಿನ ಹಲವು ಔಷಧಿಗಳು ಫಿಟ್ಸ್‌ನ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಕಣ್ಣಿಗೆ ಕಾಣುವ ಹುಳ, ಕೈನಡುಕ, ಬೆವರು, ಇವತ್ತು ಯಾವ ವಾರ, ತಾನೆಲ್ಲಿದ್ದೇನೆ ಎಂಬುದೇ ತಿಳಿಯದಿರುವುದು ಕುಡಿತ ನಿಂತದ್ದರ ಸನ್ನಿ. ಸ್ಕಿಜೋಫ್ರೀನಿಯಾದಲ್ಲಿ ಹೆಚ್ಚಾಗಿ ಕೇಳುವುದು ಧ್ವನಿ; ದಿನ, ಸ್ಥಳದ ಅರಿವು ಸಾಮಾನ್ಯವಾಗಿ ಇರುತ್ತದೆ.

ವಾರ್ಡಿನಲ್ಲಿ ಇನ್ನೊಂದು ತೊಡಕಾಯಿತು. ಸಿಗರೇಟು ನಿಂತ ನಾಲ್ಕೈದು ದಿನಕ್ಕೆ ಆತ ಹಗಲೆಲ್ಲ ತೂಗಡಿಸತೊಡಗಿದ. ತಂಬಾಕಿನ ಹೊಗೆಯಲ್ಲಿರುವ ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಓಲಾಂಜಪಿನ್, ಅದೇ ಗುಂಪಿನ ಕ್ಲೋಜಪಿನ್‌ಗಳನ್ನು ಬೇಗ ಕರಗಿಸುತ್ತವೆ. ಹೊಗೆ ನಿಂತರೆ ಅದೇ ಮಾತ್ರೆ ರಕ್ತದಲ್ಲಿ ಹೆಚ್ಚು ನಿಲ್ಲುತ್ತದೆ, ಮನೆಗೆ ಹೋಗಿ ಮತ್ತೆ ಸೇದಿದರೆ ಮಟ್ಟ ಕುಸಿದು ಧ್ವನಿ ಮರಳುತ್ತದೆ. ಹಿಂದಿನ ಸಲ ‘ಆಸ್ಪತ್ರೆಯಲ್ಲಿ ಚೆನ್ನಾಗಿದ್ದ, ಮನೆಗೆ ಬಂದು ಕೆಟ್ಟ’ ಎಂದು ಬರೆದದ್ದರ ಹಿಂದೆ ಇದೂ ಇದ್ದಿರಬೇಕು. ಮನೋವೈದ್ಯರು ಆತನಿಗೆ ವಿವರಿಸಿ, ಒಪ್ಪಿದ ಮೇಲೆ, ಓಲಾಂಜಪಿನ್ ಬದಲು ಅದೇ ಕಾಯಿಲೆಗೆ ತಿಂಗಳಿಗೊಮ್ಮೆ ಕೊಡುವ ಪಾಲಿಪೆರಿಡೋನ್ ಇಂಜೆಕ್ಷನ್‌ಗೆ ಬದಲಿಸಿದರು. ಅದರ ಮೇಲೆ ಹೊಗೆಯ ಪ್ರಭಾವ ಅಷ್ಟಾಗಿ ಇಲ್ಲ, ಹನ್ನೆರಡು ದಿನ ಗುಳಿ ಒಡೆಯದೆ ಉಳಿಯುವ ಪ್ರಶ್ನೆಯೂ ಇಲ್ಲ.

‘ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸೋ ಮಾತ್ರೆ ಇದೆಯಂತಲ್ಲ ಮೇಡಂ?’ ಎಂದು ಅಕ್ಕ ಕೇಳಿದರು. ಅವರು ಹೇಳಿದ್ದು ಡೈಸಲ್ಫಿರಾಮ್, ಅದನ್ನು ತೆಗೆದುಕೊಂಡು ಕುಡಿದರೆ ಮದ್ಯ ಮೈಗೆ ಒಗ್ಗದೆ ತೊಂದರೆಯಾಗುತ್ತದೆ. ಖಡಾಖಂಡಿತವಾಗಿ ಬೇಡ ಎಂದು ಹೇಳಲಾಯಿತು. ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯ, ಮೇಲಾಗಿ ಈ ಔಷಧಿ ಸ್ಕಿಜೋಫ್ರೀನಿಯಾದಂಥ ಕಾಯಿಲೆಯನ್ನು ಕೆರಳಿಸಬಲ್ಲದು. ಮೂರನೆಯ ಕಾರಣ ನಮ್ಮ ಪಾಲಿಗೆ ಎಲ್ಲಕ್ಕಿಂತ ದೊಡ್ಡದು: ಊಟದಲ್ಲಿ ಏನೋ ಬೆರೆಸುತ್ತಿದ್ದಾರೆ ಎಂಬ ಸಂಶಯವೇ ಕಾಯಿಲೆಯ ಭಾಗವಾಗಿರುವವನಿಗೆ ಆ ಸಂಶಯ ನಿಜ ಎಂದು ಅಕ್ಕನೇ ಸಾಬೀತು ಮಾಡಿಕೊಟ್ಟಂತಾಗುತ್ತದೆ. ಅದರ ಬದಲು ಯಕೃತ್ತಿನ ಪರೀಕ್ಷೆ ಮಾಡಿಸಿ ಕುಡಿತದ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್ 50 ಮಿಲಿಗ್ರಾಂ, ದಿನಕ್ಕೊಂದು, ಆತನಿಗೆ ಹೇಳಿಯೇ ಶುರುಮಾಡಿದರು. ಅದಕ್ಕೂ ಮುನ್ನ ಟ್ರಮಡಾಲ್ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ ತೆಗೆದುಕೊಂಡಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅವು ಅಫೀಮಿನ ಗುಂಪಿನವು; ಹಿಂದಿನ 7ರಿಂದ 10 ದಿನದಲ್ಲಿ ಅಂಥದ್ದನ್ನು ತೆಗೆದುಕೊಂಡಿದ್ದರೆ ನಾಲ್ಟ್ರೆಕ್ಸೋನ್ ತೀವ್ರ ಹಿಂತೆಗೆತದ ಲಕ್ಷಣ (ಅಭ್ಯಾಸವಾದ ಔಷಧಿ ಥಟ್ಟನೆ ನಿಂತಾಗ ಆಗುವ ನರಳಾಟ) ತರಿಸಬಹುದು.

ಔಷಧಿ ಸರಿಹೋದರೂ ಆತನಿಗೆ ಕುಡಿತ ಬಿಡುವ ಮನಸ್ಸಿರಲಿಲ್ಲ. ಎರಡೂ ಕಾಯಿಲೆ ಒಟ್ಟಿಗಿರುವವರ ಚಿಕಿತ್ಸೆಗೆ ಸಂಶೋಧಕರಾದ ಆಶರ್ ಮತ್ತು ಕೋಫೋಡ್ 1989ರಲ್ಲಿ ವಿವರಿಸಿದ ನಾಲ್ಕು ಹಂತಗಳು (ನಂಟು ಬೆಳೆಸುವುದು, ಮನವೊಲಿಕೆ, ಸಕ್ರಿಯ ಚಿಕಿತ್ಸೆ, ಮರುಕಳಿಕೆ ತಡೆ) ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದವು. ನಂಟೇ ಬೆಳೆಯದವನಿಗೆ ಮರುಕಳಿಕೆ ತಡೆಯ ಪಾಠ ಹೇಳಿದರೆ ಆತ ಮುಂದಿನ ವಾರ ಬರುವುದಿಲ್ಲ. ಮೊದಲ ಆರು ವಾರ ನಮ್ಮ ತಂಡದ ಕಾರ್ಯಕರ್ತೆ ವಾರಕ್ಕೆ ಎರಡು ಸಲ ಮನೆಗೇ ಹೋದರು. ಕುಡಿತದ ಉಪದೇಶವಿಲ್ಲ; ಬ್ಯಾಂಕಿನ ಕೆಲಸ, ಹಲ್ಲುನೋವು, ನಿದ್ದೆ, ಇಷ್ಟೇ ಮಾತು. ಏಳನೇ ವಾರ ಆತನೇ ‘ಕುಡಿದರೆ ರಾತ್ರಿ ಧ್ವನಿ ಸುಮ್ಮನಾಗುತ್ತೆ, ಬೆಳಿಗ್ಗೆ ಎರಡು ಪಟ್ಟು ಬರುತ್ತೆ’ ಅಂದ. ಆ ಮಾತನ್ನೇ ಕಾಗದದ ಮೇಲೆ ಎರಡು ಕಾಲಂ ಮಾಡಿ ಬರೆಸಿ, ಮುಂದಿನ ಮಾತುಕತೆಯೆಲ್ಲ ಅದರ ಮೇಲೇ ನಡೆಯಿತು. ಆತನ ಒಪ್ಪಿಗೆಯ ಮೇಲೆ ನೆರವಿನ ಹಣ ಅಕ್ಕನ ಬಳಿ ಇದ್ದು, ವಾರಕ್ಕೆ ಎರಡು ಕಂತಾಗಿ ಕೈಸೇರತೊಡಗಿತು. ದಿನಕ್ಕೆ ನಾಲ್ಕು ಗಂಟೆಯ ಕೆಲಸಕ್ಕೂ ಕಳಿಸಲಾಯಿತು, ಪೂರ್ತಿ ಬಿಟ್ಟ ಮೇಲೆ ನೋಡೋಣ ಎಂದು ಕಾಯಲಿಲ್ಲ.

ಅಕ್ಕನಿಗೆ ಹೇಳಿದ್ದು: ಕುಡಿದು ಬಂದ ರಾತ್ರಿ ವಾದ ಬೇಡ, ಮಾತು ಬೆಳಿಗ್ಗೆ. ಬಾಟಲಿ ಸುರಿಯಬೇಡಿ. ಕೆಲಸದ ಜಾಗಕ್ಕೆ ‘ಜ್ವರ’ ಎಂದು ಸುಳ್ಳು ಹೇಳಬೇಡಿ. ಮಾತ್ರೆಗಳನ್ನೆಲ್ಲ ಬೀಗದಲ್ಲಿಡಿ, ಎರಡೂ ಕಾಯಿಲೆ ಸೇರಿದವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ‘ಸಾಯಬೇಕು ಅನಿಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎರಡು ರಾತ್ರಿ ಸತತವಾಗಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆಯಾದರೆ ಮರುದಿನವೇ ಫೋನ್ ಮಾಡಿ.

ನಾಲ್ಕನೇ ತಿಂಗಳು ಆತ ಮೂರು ದಿನ ಕುಡಿದ. ಹಳೆಯ ಪದ್ಧತಿಯಾಗಿದ್ದರೆ ಹೆಸರು ಹೊಡೆದು ಮನೆಗೆ ಕಳಿಸುತ್ತಿದ್ದರು. ಈ ಸಲ ಕಾರ್ಯಕರ್ತೆ ಅದೇ ಸಂಜೆ ಮನೆಗೆ ಹೋದರು, ನಡುಕ, ಬೆವರು ನೋಡಿ ವೈದ್ಯರಿಗೆ ತಿಳಿಸಿದರು. ಇಂಜೆಕ್ಷನ್ ದೇಹದಲ್ಲೇ ಇದ್ದುದರಿಂದ ಧ್ವನಿಗಳು ಕೆರಳಲಿಲ್ಲ.

ಎರಡೂ ಕಾಯಿಲೆಯನ್ನು ಒಂದೇ ತಂಡ ಒಟ್ಟಿಗೆ ನೋಡುವ ಇಂಥ ಸೇವೆಯನ್ನು ಇನ್ನಷ್ಟು ಕಡೆ ವಿಸ್ತರಿಸಬೇಕಾದರೆ ದೊಡ್ಡ ಕಟ್ಟಡ ಬೇಕಿಲ್ಲ. ಒಬ್ಬರಿಗೆ ಒಂದೇ ಕಡತ, ಮನೋವೈದ್ಯರೂ ವ್ಯಸನ ಸಲಹೆಗಾರರೂ ಒಂದೇ ಮೇಜಿನಲ್ಲಿ ವಾರಕ್ಕೊಮ್ಮೆ ಕೂರುವುದು, ಬಂದ ಪ್ರತಿಯೊಬ್ಬರಿಗೂ ಎರಡೂ ಬಗೆಯ ಪ್ರಶ್ನೆ ಕೇಳುವುದು, ಮನೆಗೆ ಹೋಗುವ ಸಿಬ್ಬಂದಿ. ಕಷ್ಟವಿರುವುದು ಕೊನೆಯದರಲ್ಲಿ. 1970ರ ದಶಕದಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ಸ್ಟೈನ್ ಮತ್ತು ಟೆಸ್ಟ್ ರೂಪಿಸಿದ ಸಮುದಾಯ ತಂಡದ ಮಾದರಿಯಲ್ಲಿ ಸುಮಾರು ಹತ್ತು ಜನರಿಗೆ ಒಬ್ಬ ಸಿಬ್ಬಂದಿ. ಒಬ್ಬರ ತಲೆಗೆ ನಲವತ್ತು ಜನರನ್ನು ಕಟ್ಟಿದರೆ ಮೊದಲು ನಿಲ್ಲುವುದೇ ಮನೆ ಭೇಟಿ.

ಒಂಬತ್ತನೇ ತಿಂಗಳಿಗೆ ಆತ ಕುಡಿಯುವುದು ತಿಂಗಳಲ್ಲಿ ಒಂದೆರಡು ದಿನ, ಆಸ್ಪತ್ರೆಗೆ ಮತ್ತೆ ಸೇರಿಲ್ಲ. ಈಗ ಸಿಗರೇಟಿನ ಸರದಿ, 20 ಇದ್ದದ್ದು 12ಕ್ಕೆ ಬಂದಿದೆ. ಪೂರ್ತಿ ಬಿಡುವ ವಾರ ಕಾಫಿಯನ್ನು ಅರ್ಧಕ್ಕೆ ಇಳಿಸಲು ಹೇಳಿದೆ. ಹೊಗೆ ನಿಂತರೆ ಕಾಫಿಯ ಕೆಫೀನ್ ಕೂಡ ದೇಹದಲ್ಲಿ ಹೆಚ್ಚು ಹೊತ್ತು ನಿಂತು ನಿದ್ದೆ ಕೆಡಿಸುತ್ತದೆ.