ಬೀಡಿ ಸೇದದಿದ್ದರೂ ಬಿಪಿ?

ಪ್ರಶ್ನೆ: ಸಿಲ್ಕ್ ಬೋರ್ಡ್ ಸಿಗ್ನಲ್ ಹತ್ತಿರ ನನ್ನ ಟೀ ಅಂಗಡಿ. ವಯಸ್ಸು 52. ಬೀಡಿ ಮುಟ್ಟಿದವನಲ್ಲ, ಆದರೂ ಬಿಪಿ ಬಂದಿದೆ. ಬಸ್ಸು, ಲಾರಿ ಹೊಗೆಯಿಂದ ಕೆಮ್ಮು ಬರುತ್ತೆ, ಸರಿ. ಹೃದಯಕ್ಕೂ ತೊಂದರೆಯೇ ಡಾಕ್ಟ್ರೇ?
– ಓದುಗ, ಬೆಂಗಳೂರು

ಉತ್ತರ: ಹೌದು, ಹೃದಯಕ್ಕೂ. ಹೊಗೆಯಲ್ಲಿ ಪಿಎಂ 2.5 ಎಂಬ ಅತಿ ಸಣ್ಣ ಕಣಗಳಿರುತ್ತವೆ. ಅಂಥ ಒಂದು ಕಣ ನಿಮ್ಮ ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತನೇ ಒಂದು ಪಾಲೂ ಇಲ್ಲ. ಮೂಗು, ಗಂಟಲು ಅದನ್ನು ತಡೆಯಲಾರವು. ಶ್ವಾಸಕೋಶದ ಆಳಕ್ಕಿಳಿದು ಉರಿಯೂತ ಎಬ್ಬಿಸುತ್ತದೆ. ಅದು ರಕ್ತನಾಳಗಳ ಒಳಪದರಕ್ಕೂ ತಟ್ಟುತ್ತದೆ. ವರ್ಷಗಟ್ಟಲೆ ಹೀಗಾದರೆ ನಾಳ ಪೆಡಸಾಗುತ್ತದೆ, ಬಿಪಿ ಏರುತ್ತದೆ, ಕೊಬ್ಬು ಕಟ್ಟುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಈ ಕಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಸರಾಸರಿ ಮಿತಿ ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ್ದು 40. ಹಾಗಾಗಿ ‘ಗಾಳಿ ಮಿತಿಯೊಳಗಿದೆ’ ಎಂಬ ಸುದ್ದಿಗೆ ನಾನಂತೂ ಸಮಾಧಾನಪಡುವುದಿಲ್ಲ.

ಎಲ್ಲವನ್ನೂ ಹೊಗೆಯ ತಲೆಗೇ ಕಟ್ಟಬೇಡಿ. ಉಪ್ಪು, ಅಂಗಡಿಯ ಬಜ್ಜಿ, ನಿದ್ದೆಗೇಡು, ಮನೆತನದ ಬಿಪಿ ಇವೂ ಇವೆ. ಮಾತ್ರೆ ನಿಲ್ಲಿಸಬೇಡಿ. ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ಕರ್ಚೀಫು ಕಟ್ಟಿದರೆ ಆ ಕಣ ನಿಲ್ಲದು, ಎನ್95 ಮಾಸ್ಕೇ ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂರಬೇಕು. ಸಾಧ್ಯವಾದರೆ ಅಂಗಡಿಯನ್ನು ಸಿಗ್ನಲ್‌ನಿಂದ ಒಳರಸ್ತೆಗೆ ಸರಿಸಿ. ವ್ಯಾಪಾರ ಕಮ್ಮಿಯಾಗುತ್ತೆ ಅಂತೀರಿ, ಗೊತ್ತು. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ ‘ಗ್ಯಾಸ್’ ಎಂದು ಸೋಡಾ ಕುಡಿಯುತ್ತಾ ಕೂರದೆ, ಅವತ್ತೇ ಇಸಿಜಿ ಮಾಡಿಸಿ.