ಗಿರಣಿಗೆ ಹೋಗಲು ಗ್ಲೌಸ್ ಬೇಕೆ?

ಪತ್ರ: “ದಿನಕ್ಕೆ ನಾಲ್ಕೈದು ಸಲ ಬೈಕ್ ತೆಗೆಯುವವ ನಾನು. ಗಿರಣಿ, ಕಾಯಿಪಲ್ಲೆ, ಮಗಳ ಟ್ಯೂಷನ್. ಯಾವುದೂ ಎರಡು ಕಿಲೋಮೀಟರ್ ದಾಟುವುದಿಲ್ಲ. ನಿಮ್ಮ ಪತ್ರಿಕೆ ಓದಿಯೇ ಜಾಕೆಟ್, ಗ್ಲೌಸ್, ಬೂಟು ತಂದೆ. ಹಾಕಿಕೊಂಡು ಹೊರಟರೆ ಓಣಿಯವರು ‘ಏನ್ರೀ, ಲಡಾಖಕ್ಕ ಹೊಂಟ್ರೇನು?’ ಅಂತ ನಗುತ್ತಾರೆ. ಮೇಲೆ ಏಪ್ರಿಲ್ ಬಿಸಿಲು. ಊರೊಳಗಿನ ಓಡಾಟಕ್ಕೆ ಇದೆಲ್ಲ ಬೇಕಾ?” — ಓದುಗರೊಬ್ಬರು, ವಿಜಯಪುರ

ಸಂಪಾದಕರ ಉತ್ತರ:

ಎಲ್ಲವೂ ಬೇಡ. ಆದರೆ ಬಿಡುವಾಗ ಜನ ತಪ್ಪು ವಸ್ತುವನ್ನು ಬಿಡುತ್ತಾರೆ. ಜಾಕೆಟ್ ದೊಡ್ಡದು, ಅದೇ ಮುಖ್ಯ ಅಂದುಕೊಂಡು ಗ್ಲೌಸು, ಬೂಟನ್ನು ಮನೆಯಲ್ಲಿಡುತ್ತಾರೆ. ಊರೊಳಗೆ ಲೆಕ್ಕ ಉಲ್ಟಾ.

ದೂರ ಕಡಿಮೆ ಎಂಬ ಧೈರ್ಯದ ಬಗ್ಗೆ ಮೊದಲು ಒಂದು ಮಾತು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಹರ್ಟ್ ಅವರ ತಂಡ 900 ಬೈಕ್ ಅಪಘಾತಗಳನ್ನು ನಡೆದ ಜಾಗದಲ್ಲೇ ತನಿಖೆ ಮಾಡಿ 1981ರಲ್ಲಿ ವರದಿ ಕೊಟ್ಟಿತು. ಅಂಗಡಿಗೋ ಗೆಳೆಯರ ಮನೆಗೋ ಅಂತ ಹೊರಟ ಸಣ್ಣ ಓಡಾಟದಲ್ಲಿ, ಹೊರಟ ಸ್ವಲ್ಪ ಹೊತ್ತಿಗೇ ಬೀಳುವುದು ಸಾಮಾನ್ಯ ಎಂದು ಅದರಲ್ಲಿ ಕಂಡುಬಂತು. ವರದಿ ಹಳೆಯದು, ರಸ್ತೆ ಬೇರೆಯದು. ನಮ್ಮಲ್ಲಿ ಬಣ್ಣ ಬಳಿಯದ ಹಂಪು, ಕೈ ಮಾಡಿದಲ್ಲೆಲ್ಲ ನಿಲ್ಲುವ ಟಂಟಂ, ಮೊದಲ ಮಳೆಗೆ ಟ್ರ್ಯಾಕ್ಟರ್ ಗಾಲಿಯಿಂದ ಡಾಂಬರಿಗೆ ಮೆತ್ತಿಕೊಳ್ಳುವ ಎರೆಮಣ್ಣು ಇವೆ. ಇವು ದೂರ ನೋಡಿ ಬರುವುದಿಲ್ಲ. ವೇಗದ ಮಾತೂ ಅಷ್ಟೆ: ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಿದ್ದರೆ ಬಡಿಯುವ ವೇಗ ಗಂಟೆಗೆ ಸುಮಾರು 20 ಕಿ.ಮೀ. ಬೈಕ್ ನಿಂತಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ನಿಧಾನವಾಗಿ ಬಿದ್ದವರು ಮೊದಲು ಊರುವುದು ಅಂಗೈ. ಬರಿ ಅಂಗೈ ಡಾಂಬರಿಗೆ ಕಚ್ಚಿಕೊಳ್ಳುತ್ತದೆ, ಮೈ ಮುಂದೆ ಹೋಗುತ್ತದೆ, ಪೆಟ್ಟೆಲ್ಲ ಮಣಿಕಟ್ಟಿನ ಮೇಲೆ. ಆದ್ದರಿಂದ ಗ್ಲೌಸ್‌ನ ಗೆಣ್ಣಿನ ಮೇಲಿನ ಪ್ಲಾಸ್ಟಿಕ್ಕಿಗಿಂತ, ಮಣಿಕಟ್ಟಿನ ಹತ್ತಿರ ಅಂಗೈಯ ಬುಡದಲ್ಲಿ ಜಾರುವ ಗಟ್ಟಿ ತುಂಡು ಇದೆಯೇ ನೋಡಿ. ಕೈ ಕಚ್ಚದೆ ಜಾರಲಿ ಅಂತಲೇ ಅದನ್ನು ಹಾಕಿರುತ್ತಾರೆ. ಪಟ್ಟಿ ಬಿಗಿದು, ಬೆರಳ ತುದಿ ಹಿಡಿದು ಇನ್ನೊಬ್ಬರಿಂದ ಎಳೆಸಿ. ಕಳಚಿ ಬಂದರೆ ಬಿದ್ದಾಗಲೂ ಕಳಚುತ್ತದೆ. ಚಳಿಗೆ ಹಾಕುವ ಉಣ್ಣೆಯ ಕೈಗವಸು ಇದಕ್ಕೆ ಆಗದು. ಚರ್ಮದ್ದಾದರೆ ತೊಳೆದು ನೆರಳಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ಸೆಟೆದು ಬಿರಿಯುತ್ತದೆ.

ಇನ್ನು ಕಾಲು. ಬೈಕ್ ಮಗ್ಗುಲಾದಾಗ ಪಾದದ ಕೀಲು ಎಂಜಿನ್ನಿಗೂ ರಸ್ತೆಗೂ ನಡುವೆ ಸಿಕ್ಕುತ್ತದೆ. ಬಲಕ್ಕೆ ಬಿದ್ದರೆ ಬಿಸಿ ಸೈಲೆನ್ಸರ್ ಬೇರೆ. ಕೀಲಿನ ಎಲುಬು ಮುಚ್ಚುವ ಬೂಟು ಬೇಕು. ಕೊಳ್ಳುವಾಗ ಒದ್ದೆ ಬಟ್ಟೆ ಹಿಂಡುವ ಹಾಗೆ ಅಡಿಯನ್ನು ತಿರುಚಿ ನೋಡಿ, ಸಲೀಸಾಗಿ ತಿರುಚಿದರೆ ಬೇಡ. ಲೇಸಿನ ತುದಿ ಒಳಗೆ ಸಿಕ್ಕಿಸಿ. ಎಡಗಾಲ ಲೇಸು ಗೇರಿಗೆ ಸುತ್ತಿಕೊಂಡರೆ ನಿಲ್ಲಿಸಿದಾಗ ಕಾಲು ನೆಲಕ್ಕೆ ಬರುವುದಿಲ್ಲ, ಗಾಂಧಿ ಚೌಕದಲ್ಲಿ ಎಲ್ಲರ ಎದುರು ಮಗ್ಗುಲಾಗುತ್ತೀರಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಪಾಲೂ ಇದೆ, ಹೆಮ್ಮೆಯೇ. ಆದರೆ ಅದು ನಡೆಯುವವರ ಚಪ್ಪಲಿ.

ಹೆಲ್ಮೆಟ್ ನೀವು ಹಾಕುತ್ತೀರಿ ಅಂದುಕೊಂಡಿದ್ದೇವೆ, ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ! ಐಎಸ್‌ಐ ಗುರುತು, ಐಎಸ್ 4151 ಸಂಖ್ಯೆ ಇರಲಿ, ಗದ್ದ ಮುಚ್ಚಲಿ. ಪಟ್ಟಿ ಬಿಗಿದು ಹಿಂಬದಿಯ ಅಂಚನ್ನು ಮೇಲಕ್ಕೆ, ಮುಂದಕ್ಕೆ ತಳ್ಳಿ ನೋಡಿ. ಕಳಚಿದರೆ ಒಂದು ಸೈಜು ಕಡಿಮೆ ತನ್ನಿ. ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸುವ ಚಟ ಬಿಡಿ. ಪೆಟ್ಟು ಹೀರುವ ಒಳಗಿನ ಥರ್ಮಾಕೋಲಿಗೆ ಕನ್ನಡಿ ಕುಳಿ ಕೊರೆಯುತ್ತದೆ, ಬಟ್ಟೆಯ ಕೆಳಗಿರುವುದರಿಂದ ಕಾಣುವುದಿಲ್ಲ. ಪೆಟ್ರೋಲ್ ಹಚ್ಚಿ ಒರೆಸಬೇಡಿ, ಸೋಪಿನ ನೀರು ಸಾಕು. ಹೆಲ್ಮೆಟ್ಟಿನ ಮುಂದಿನ ಗಾಜಿನ ಮೇಲೆ ಕೂತ ಧೂಳನ್ನು ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬಿದ್ದು ರಾತ್ರಿ ಎದುರಿನ ಲೈಟು ಒಡೆದು ಹರಡುತ್ತದೆ. ಮೊದಲು ನೀರು ಸುರಿಯಿರಿ.

ಎರಡು ಕಿಲೋಮೀಟರ್‌ಗೆ ಜಾಕೆಟ್ ಬಿಟ್ಟರೆ ನಾವು ಜಗಳಕ್ಕೆ ಬರುವುದಿಲ್ಲ. ತುಂಬು ತೋಳಿನ ದಪ್ಪ ಅಂಗಿ, ಪ್ಯಾಂಟಿನೊಳಗೆ ಮಂಡಿ ಕಾಪು ಸಾಕು. ಕಾಪಿನ ಮೇಲೆ ಇಎನ್ 1621-1 ಎಂಬ ಯುರೋಪಿನ ಗುಣಮಟ್ಟದ ಗುರುತಿರಲಿ, ಕುಳಿತು ಮಂಡಿ ಮಡಚಿದಾಗ ಚಿಪ್ಪಿನ ಮೇಲೇ ನಿಲ್ಲಲಿ. ಸಿಂದಗಿ, ಸೊಲ್ಲಾಪುರದ ಹಾದಿ ಹಿಡಿದರೆ ಮಾತ್ರ ಜಾಕೆಟ್ ಬೇಕೇ ಬೇಕು. ಆಗ ಜಾಳಿಗೆಯದ್ದು ಹಾಕಿ, ಒಳಗಿನ ಬನಿಯನ್ ಒದ್ದೆ ಮಾಡಿ ಹಿಂಡಿಕೊಳ್ಳಿ. ಗಾಳಿ 40 ಡಿಗ್ರಿ ದಾಟಿದ ಮೇಲೆ ಬರಿ ಗಾಳಿ ಮೈಯನ್ನು ತಂಪು ಮಾಡುವುದಿಲ್ಲ, ಇನ್ನೂ ಕಾಯಿಸುತ್ತದೆ. ತಂಪು ಬರುವುದು ತೇವ ಆರುವುದರಿಂದ. ನಮ್ಮ ಒಣ ಬಿಸಿಲಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬೈಕ್ ನಿಂತಾಗ ಮಾತ್ರ ಸೆಕೆಯೇ, ಅದಕ್ಕೆ ಮದ್ದಿಲ್ಲ.

ಗ್ಲೌಸನ್ನು ಹೆಲ್ಮೆಟ್ಟಿನೊಳಗಿಟ್ಟು ಬೈಕಿನ ಕೀಲಿ ಇರುವ ಮೊಳೆಯ ಪಕ್ಕದಲ್ಲೇ ಇಡಿ. ಬೀರುವಿನಲ್ಲಿಟ್ಟರೆ ಮೂರನೇ ದಿನ ಮರೆಯುತ್ತದೆ.

ಮಗಳಿಗೂ ಹೆಲ್ಮೆಟ್ ಬೇಕು. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಕಾನೂನು ಒಂದೇ. ನಿಮ್ಮ ಹಳೆಯದನ್ನು ಕೊಡಬೇಡಿ. ಹುಬ್ಬಿನಿಂದ ಒಂದು ಬೆರಳು ಮೇಲೆ ಟೇಪು ಸುತ್ತಿ ತಲೆ ಅಳೆದು ಆ ಸೈಜಿನದೇ ತನ್ನಿ. ಇನ್ನು ಗಿರಣಿಯ ಜೋಳದ ಚೀಲವನ್ನು ಹ್ಯಾಂಡಲ್‌ಗೆ ತೂಗುಹಾಕಬೇಡಿ. ತಿರುವಿನಲ್ಲಿ ಅದು ಟ್ಯಾಂಕಿಗೆ ತಾಗಿ ಹ್ಯಾಂಡಲ್ಲನ್ನು ಪೂರ್ತಿ ತಿರುಗಗೊಡುವುದಿಲ್ಲ, ನಿಧಾನಕ್ಕೆ ಹೋಗುವಾಗಲೇ ತೋಲ ತಪ್ಪುತ್ತದೆ. ಹಿಂದಿನ ಸೀಟಿಗೆ ಅಡ್ಡ ಹಾಕಿ ಹಗ್ಗ ಬಿಗಿಯಿರಿ. ಮಗಳು ಹಿಂದೆ ಕೂತ ದಿನ ಚೀಲಕ್ಕೆ ಜಾಗವಿಲ್ಲ, ಗಿರಣಿಗೆ ಇನ್ನೊಂದು ಸುತ್ತು ಹೊಡೆಯಿರಿ.