ಎದೆ ನಡುಗಿದರೆ ವಿಶ್ವಾಸ ಸಾಲದೆಂದೇ?

ಹಾಸನ ಜಿಲ್ಲೆಯಿಂದ ಬರೆದಿರುವ ಸಹೋದರಿಯೊಬ್ಬರು ತಮ್ಮ ಹೆಸರು ಪ್ರಕಟಿಸುವುದು ಬೇಡವೆಂದಿದ್ದಾರೆ. ಪತ್ರದ ಸಾರ ಇಷ್ಟು: ಮಗನ ಕೆಲಸ ಹೋದಂದಿನಿಂದ ನಡುರಾತ್ರಿ ಎಚ್ಚರವಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆರಳ ತುದಿ ಜುಮುಗುಟ್ಟುತ್ತದೆ, ಇನ್ನೇನು ಪ್ರಾಣ ಹೋಯಿತು ಅನ್ನಿಸುತ್ತದೆ. ಇಸಿಜಿಯಲ್ಲಿ ದೋಷ ಕಾಣಲಿಲ್ಲ. ವೈದ್ಯರು ಇದು ಆತಂಕವೆಂದು ಮಾತ್ರೆ ಬರೆದು, ಉಸಿರಾಟದ ಅಭ್ಯಾಸವನ್ನೂ ಹೇಳಿದರು. ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡಾಗ, “ವಿಶ್ವಾಸ ಸಾಲದು. ಮಾತ್ರೆ ನುಂಗುವುದು ದೇವರನ್ನು ನಂಬದವರ ಕೆಲಸ. ಉಸಿರಾಟವೆಲ್ಲ ಯೋಗ, ನಮಗೆ ಸಲ್ಲದು” ಎಂಬ ಉತ್ತರ ಬಂತು. “ಇಂಥವಳು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಬಹುದೇ?” ಎಂಬುದು ಅವರ ಕೊನೆಯ ಪ್ರಶ್ನೆ.

ಪ್ರಿಯ ಸಹೋದರಿ,

ಹಾಗೆ ಹೇಳಿದವರು ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯವನ್ನೇ ಎತ್ತಿಕೊಂಡಿರುತ್ತಾರೆ: ಯಾವ ಸಂಬಂಧವಾಗಿಯೂ ಚಿಂತೆ ಮಾಡಬೇಡಿರಿ ಎಂಬ ಮಾತು. ಅದನ್ನು ಬರೆದ ಪೌಲನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೇ ಅಧ್ಯಾಯದಲ್ಲಿ, ಎಲ್ಲ ಸಭೆಗಳ ಚಿಂತೆ ತನ್ನನ್ನು ದಿನದಿನವೂ ಬಾಧಿಸುತ್ತಿದೆ ಎನ್ನುತ್ತಾನೆ. ಅವನ ವಿಶ್ವಾಸಕ್ಕೆ ಅಂಕ ಹಾಕಲು ಯಾರೂ ಹೊರಟಿಲ್ಲ. ಸೆರೆಯಲ್ಲಿ ಬೇಡಿ ತೊಟ್ಟಿದ್ದ ಪೌಲನು ತನ್ನ ಸ್ನೇಹಿತರಿಗೆ ಬರೆದ ಸಾಂತ್ವನದ ಮಾತನ್ನು ಬೆತ್ತ ಮಾಡಿಕೊಂಡು, ನಿದ್ದೆಗೆಟ್ಟ ಹೆಂಗಸಿನ ಬೆನ್ನಿಗೆ ಬಾರಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿಮಗೆ ಓದಿ ಹೇಳಬೇಕಿದ್ದದ್ದು ಒಂದನೆಯ ಅರಸುಗಳು 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಬೀಳುವಂತೆ ಪ್ರಾರ್ಥಿಸಿದ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಅಡವಿಯ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡಿಕೊಳ್ಳುತ್ತಾನೆ. ಅಲ್ಲಿಗೆ ಬಂದ ದೂತ ಉಪದೇಶಕ್ಕೆ ಕೈಹಾಕುವುದಿಲ್ಲ. ಮುಟ್ಟಿ ಎಬ್ಬಿಸಿ, ಊಟ ಮಾಡು ಎನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ಎಲೀಯ ತಿಂದು ಮತ್ತೆ ಮಲಗಿಬಿಡುತ್ತಾನೆ. ಅದಕ್ಕೂ ಗದರಿಕೆಯಿಲ್ಲ, ಇನ್ನೊಂದು ಸಲ ಎಬ್ಬಿಸಿ ಇನ್ನೊಂದು ಸಲ ಊಟ. ಹೋರೇಬ್ ಬೆಟ್ಟದಲ್ಲಿ ದೇವರು ಅವನೊಡನೆ ನಡೆಸಿದ ಮಾತುಕತೆಯೆಲ್ಲ ಆಮೇಲಿನದು. ಮೊದಲು ಮೈಯನ್ನು ವಿಚಾರಿಸಿಕೊಂಡ ದೇವರು ನಿಮ್ಮ ಮಾತ್ರೆಗೆ ಮುನಿಸಿಕೊಳ್ಳುವನೆಂದು ನಾನು ನಂಬಲಾರೆ.

ಇನ್ನು ಉಸಿರಾಟ. ಗಾಬರಿಯಾದಾಗ “ಜೋರಾಗಿ ಉಸಿರೆಳೆದುಕೋ” ಎನ್ನುತ್ತಾರಲ್ಲ, ಅದೇ ತಪ್ಪು. ಗಬಗಬನೆ ಗಾಳಿ ಎಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ; ನಿಮ್ಮ ಬೆರಳು ಜುಮುಗುಟ್ಟುವುದಕ್ಕೂ ತಲೆ ಹಗುರಾಗುವುದಕ್ಕೂ ಬಹುಮಟ್ಟಿಗೆ ಅದೇ ಕಾರಣ. ಮಾಡಬೇಕಾದದ್ದು ಉಸಿರನ್ನು ನಿಧಾನವಾಗಿ ಬಿಡುವುದು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನೋಡಿ: ಒಳಗೆಳೆಯುವಾಗ ಬಡಿತ ತುಸು ಚುರುಕು, ಬಿಡುವಾಗ ತುಸು ನಿಧಾನ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಮಾಡುವ ಕೆಲಸವದು. ಯಾವ ಸಭೆಯ ಸದಸ್ಯರಾದರೂ ಹಾಗೆಯೇ, ಮೂಗಿಗೆ ಮತವಿಲ್ಲ.

ಇಟಲಿಯ ಸಂಶೋಧಕರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸ್ವಾರಸ್ಯದ ಸಂಗತಿ ಪ್ರಕಟಿಸಿದರು. ಜಪಸರದ ಮರಿಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳುವಾಗ ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುತ್ತಿತ್ತು. ಯೋಗದ ಮಂತ್ರ ಹೇಳುವಾಗಲೂ ಅಷ್ಟೇ. ನಮ್ಮ ಅಜ್ಜಿಯರು ಯಾವ ಅಭ್ಯಾಸದ ಹೆಸರೂ ಗೊತ್ತಿಲ್ಲದೆ ಸಂಜೆ ಸಂಜೆ ಇದನ್ನೇ ಮಾಡುತ್ತಿದ್ದರು.

ನಿಮಗೆ ಜಪಸರದ ರೂಢಿಯಿಲ್ಲದಿದ್ದರೆ 23ನೇ ಕೀರ್ತನೆಯಿದೆ. ಎಚ್ಚರವಾದೊಡನೆ ಎದ್ದು ಮಂಚದ ಅಂಚಿನಲ್ಲಿ ಕುಳಿತು ಎರಡೂ ಪಾದ ನೆಲಕ್ಕೆ ಊರಿ. ಹೊಟ್ಟೆಯ ಮೇಲೆ ಒಂದು ಕೈ. ಮೂಗಿನಿಂದ ಮೆಲ್ಲಗೆ ಎಳೆಯುತ್ತಾ ಮನಸ್ಸಿನಲ್ಲೇ “ಯೆಹೋವನು ನನಗೆ ಕುರುಬನು”. ಅದಕ್ಕಿಂತ ಹೆಚ್ಚು ಹೊತ್ತು ಬಿಡುತ್ತಾ, ಅಕ್ಷರ ಅಕ್ಷರ ಎಳೆದು, “ಕೊರತೆಪಡೆನು”. ಮುಂದಿನ ವಚನಕ್ಕೆ ಹೋಗಲು ಅವಸರ ಬೇಡ. ಐದು ನಿಮಿಷ ಅಷ್ಟೇ ಸಾಕು. ಎದೆಯ ಡವಡವ ತಗ್ಗಲಿಲ್ಲವೆಂದು ಅದನ್ನೊಂದು ಪರೀಕ್ಷೆ ಮಾಡಿಕೊಳ್ಳಬೇಡಿ. ಇಂಥ ಗಾಬರಿ ಕೆಲವೇ ನಿಮಿಷಗಳಲ್ಲಿ ಏರಿ, ಆಮೇಲೆ ತಾನೇ ಇಳಿಯುತ್ತದೆ. ಹಗಲಿನಲ್ಲೂ, ನೆಮ್ಮದಿಯಿರುವಾಗಲೇ, ರೂಢಿ ಮಾಡಿಕೊಂಡರೆ ರಾತ್ರಿ ಕೈಗೆ ಸಿಗುತ್ತದೆ. ಹಾಸನದ ಕಡೆಯವರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನನಗಿಲ್ಲ, ಸಂಜೆಯದನ್ನಾದರೂ ಬಿಡಿ.

ಮಾತ್ರೆಯ ವಿಷಯದಲ್ಲಿ ಕೂಟದವರ ಮಾತು ಕೇಳಿ ಹಠಾತ್ತನೆ ನಿಲ್ಲಿಸಬೇಡಿ. ನಿಲ್ಲಿಸುವುದೂ ಇಳಿಸುವುದೂ ವೈದ್ಯರನ್ನು ಕೇಳಿಯೇ ಆಗಲಿ. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಅದು ಏರಿದಾಗಲೂ ಎದೆ ಹೀಗೇ ಬಡಿದುಕೊಳ್ಳುತ್ತದೆ. ಲೂಕನನ್ನು ಪ್ರಿಯ ವೈದ್ಯನೆಂದು ಕೊಲೊಸ್ಸೆಯವರ ಪತ್ರ ಕರೆಯುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲೇ ಔಷಧಿ ಕೊಡಲು ಕುಳಿತ ಫಾದರ್ ಮುಲ್ಲರ್ ಒಬ್ಬ ಯೇಸುಸಭೆಯ ಪಾದ್ರಿ. ಔಷಧಿ ಅವಿಶ್ವಾಸವಾಗಿದ್ದರೆ ಅವರೆಲ್ಲರೂ ಅವಿಶ್ವಾಸಿಗಳೇ. ಬದುಕೇ ಬೇಡವೆನ್ನುವ ಯೋಚನೆ ಸುಳಿದರೆ ಬೆಳಗಾಗುವವರೆಗೆ ಕಾಯದೆ ಮನೆಯವರನ್ನು ಎಬ್ಬಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಅದು ಉಚಿತ, ಯಾವ ಹೊತ್ತಿನಲ್ಲಾದರೂ ಸಿಗುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ.

ಇನ್ನು ಕೂಟದಲ್ಲಿ ಎಲ್ಲರಿಗೂ ಹೇಳಿಕೊಳ್ಳಬೇಕೆಂದಿಲ್ಲ. ಬಂಧನದ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಕೂಡ ತನ್ನೊಂದಿಗೆ ಮುಂದೆ ಕರೆದೊಯ್ದದ್ದು ಪೇತ್ರ, ಯಾಕೋಬ, ಯೋಹಾನ ಈ ಮೂವರನ್ನೇ. ಪ್ರಾಣ ಹೋಗುವಷ್ಟು ದುಃಖವಾಗಿದೆ, ಎಚ್ಚರವಾಗಿರಿ ಎಂದು ಕೇಳಿಕೊಂಡದ್ದು ಅವರನ್ನೇ. ಅವರೂ ನಿದ್ದೆ ಹೋದರು ಅನ್ನಿ. ನಿಮಗೆ ಅಂಥವರೊಬ್ಬರು ಸಿಕ್ಕರೂ ಸಾಕು.

ಭಾನುವಾರದ ಶಾಲೆಯನ್ನು ಬಿಡಬೇಡಿ. ರಾತ್ರಿಯಿಡೀ ನಿದ್ದೆಯಿಲ್ಲದ ದಿನ ಮಾತ್ರ ತರಗತಿಯನ್ನು ಇನ್ನೊಬ್ಬ ಶಿಕ್ಷಕಿಗೆ ವಹಿಸಿ. ಕಾರಣ ಕೇಳಿದರೆ ನಿದ್ದೆ ಬರಲಿಲ್ಲ ಎನ್ನಿ; ಅದು ನಿಜವೇ ತಾನೇ?

– ಸಂಪಾದಕ